ಥರ್ಮಲ್ ಅಂಡ್ ಎ ಕ್ವಾರ್ಟರ್: ಧ್ವನಿಮುದ್ರಿಕೆಗಿಂತ ನೆನಪಿನಲ್ಲೇ ಹೆಚ್ಚು ಉಳಿದ ಕಛೇರಿಗಳು

ರಾಮನಗರ: ಬೆಂಗಳೂರನ್ನು ದೇಶದ ರಾಕ್ ಸಂಗೀತದ ರಾಜಧಾನಿ ಎಂದು ಬಣ್ಣಿಸುವುದು ಇಂದು ವಾಡಿಕೆಯಾಗಿದೆ. ಆ ಮಾತಿಗೆ ಸಾಕ್ಷಿಯಾಗಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದು ವಿದೇಶಿ ತಂಡಗಳ ಕಾರ್ಯಕ್ರಮಗಳು. ಅರಮನೆ ಮೈದಾನದಲ್ಲಿ 2001ರಲ್ಲಿ ಡೀಪ್ ಪರ್ಪಲ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದವು. ಇವುಗಳ ದಿನಾಂಕ, ಛಾಯಾಚಿತ್ರ, ವರದಿಗಳೆಲ್ಲವೂ ಲಭ್ಯವಿವೆ.

ಆದರೆ ಇದೇ ಅವಧಿಯಲ್ಲಿ ಕಾಲೇಜು ಅಂಗಳಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ, ಬಯಲು ವೇದಿಕೆಗಳಲ್ಲಿ ಸ್ವಂತ ಹಾಡುಗಳನ್ನೇ ನುಡಿಸುತ್ತ ಬಂದ ಊರಿನ ತಂಡಗಳ ಕಛೇರಿಗಳಿಗೆ ಅಂತಹ ದಾಖಲೆಗಳಿಲ್ಲ. ಅವು ಉಳಿದಿರುವುದು ಬಹುತೇಕ ಕೇಳುಗರ ನೆನಪಿನಲ್ಲಿ ಮಾತ್ರ. ಫಂಕ್ ಲಯ ಮತ್ತು ರಾಕ್ ಗಿಟಾರ್‌ಗಳನ್ನು ಬೆಸೆದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಇಂತಹ ತಂಡಗಳ ಪೈಕಿ ಪ್ರಮುಖವಾದದ್ದು. ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲ ಎಂದು ಅಭಿಮಾನಿಗಳು ಇಂದಿಗೂ ಹೇಳುವ ಈ ತಂಡದ ಪರಿಚಯ ಇಲ್ಲಿದೆ.

ಹೆಸರಿನ ಹಿನ್ನೆಲೆ

ತಂಡ ಆರಂಭವಾದದ್ದು 1996ರಲ್ಲಿ, ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ. ಹೆಸರು ಒಂದು ಶ್ಲೇಷೆ. ಮೂಲ ಸದಸ್ಯರಲ್ಲಿ ಮೂವರು ಮಲಯಾಳಿಗಳು, ಮತ್ತೊಬ್ಬರು ಕಾಲು ಭಾಗ ಮಲಯಾಳಿ. ಇಂಗ್ಲಿಷಿನ 'ತ್ರೀ' ಮತ್ತು 'ಮಲಯಾಳಿ'ಯ ಮೊದಲಕ್ಷರಗಳು ಕೂಡಿ 'ಥರ್ಮಲ್' ಆಯಿತು, ಉಳಿದ ಕಾಲು ಭಾಗ 'ಕ್ವಾರ್ಟರ್' ಆಯಿತು. ಅಭಿಮಾನಿಗಳ ಬಾಯಲ್ಲಿ ಇದು 'ಟಾಕ್' ಎಂದೇ ಪರಿಚಿತ.

ಗಾಯನ, ಗಿಟಾರ್‌ನಲ್ಲಿ ಬ್ರೂಸ್ ಲೀ ಮಣಿ ಹಾಗೂ ಡ್ರಮ್ಸ್‌ನಲ್ಲಿ ರಾಜೀವ್ ರಾಜಗೋಪಾಲ್ ತಂಡದ ಎರಡು ಆಧಾರ ಕಂಬಗಳು. ಬೇಸ್ ಗಿಟಾರ್‌ನಲ್ಲಿ ರೂಡ್ ಡೇವಿಡ್ ಸೇರಿದಂತೆ ಹಲವರು ಬೇರೆ ಬೇರೆ ಕಾಲದಲ್ಲಿ ನುಡಿಸಿದ್ದಾರೆ. ತಮ್ಮ ಶೈಲಿಯನ್ನು ಸದಸ್ಯರು ಕರೆದುಕೊಂಡದ್ದು 'ಬೆಂಗಳೂರು ರಾಕ್' ಎಂದು. ಹಾಡುಗಳ ಭಾಷೆ ಇಂಗ್ಲಿಷ್ ಆಗಿದ್ದರೂ ವಸ್ತು ಈ ನಗರದ್ದೇ ಎಂಬುದು ಅದರ ಅರ್ಥ.

ಫಂಕ್ ರಾಕ್ ಎಂದರೇನು?

ಫಂಕ್ ಎಂಬುದು 1960ರ ದಶಕದ ನಡುಭಾಗದಲ್ಲಿ ಅಮೆರಿಕದ ಕಪ್ಪು ಜನಾಂಗದ ಸಂಗೀತಗಾರರು ರೂಪಿಸಿದ ಪ್ರಕಾರ. ಗಾಯಕ ಜೇಮ್ಸ್ ಬ್ರೌನ್ ಇದರ ಪ್ರವರ್ತಕರಲ್ಲಿ ಅಗ್ರಗಣ್ಯರು. ಅವರು ತಮ್ಮ ವಾದ್ಯಗಾರರಿಗೆ ಹೇಳುತ್ತಿದ್ದ ಮುಖ್ಯ ಸೂಚನೆ, ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಡಬೇಕೆಂಬುದು. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಎಲ್ಲರೂ 'ಸಮ'ದಲ್ಲಿ ಕೂಡಬೇಕು, ಉಳಿದ ಅವಧಿಯಲ್ಲಿ ಪ್ರತಿಯೊಬ್ಬರೂ ತಮ್ಮದೇ ಸಂದುಗಳಲ್ಲಿ ಆಡಬಹುದು.

ಸಮಕ್ಕಿಂತ ಮೊದಲೋ ನಂತರವೋ ಹಾಡನ್ನು ಎತ್ತಿಕೊಳ್ಳುವ ಅತೀತ, ಅನಾಗತ ಎಡುಪುಗಳ ಸೊಗಸನ್ನು ಬಲ್ಲ ಕರ್ನಾಟಕ ಸಂಗೀತದ ರಸಿಕರಿಗೆ ಈ ಆಟ ಅಪರಿಚಿತವೆನಿಸದು. ಜಾತ್ರೆಯಲ್ಲಿ ತಮಟೆಯ ಸಮೀಪ ನಿಂತವರಿಗೂ ಅಷ್ಟೆ. ರಾಗ ಕಿವಿಗೆ ತಲುಪುವ ಮೊದಲೇ ಲಯ ಕಾಲಿಗೆ ತಲುಪಿರುತ್ತದೆ.

ಸಾಮಾನ್ಯ ರಾಕ್ ಸಂಗೀತದಲ್ಲಿ ಹಿನ್ನೆಲೆಯಲ್ಲಿರುವ ಬೇಸ್ ಗಿಟಾರ್ ಫಂಕ್‌ನಲ್ಲಿ ಮುಂದಿನ ಸಾಲಿಗೆ ಬರುತ್ತದೆ. ತಂತಿಯನ್ನು ಮೀಟುವುದರ ಬದಲು ಹೆಬ್ಬೆರಳಿನಿಂದ ಬಡಿಯುವ 'ಸ್ಲ್ಯಾಪ್' ವಿಧಾನವನ್ನು ಪ್ರಸಿದ್ಧಗೊಳಿಸಿದವರು 'ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್' ತಂಡದ ಲ್ಯಾರಿ ಗ್ರಹಾಂ. ಈ ಲಯದ ಮೇಲೆ ರಾಕ್‌ನ ಗಡುಸಾದ ಗಿಟಾರ್ ನಾದವನ್ನು ಕೂರಿಸಿದಾಗ ಫಂಕ್ ರಾಕ್ ಹುಟ್ಟಿತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ 'ರೆಡ್ ಹಾಟ್ ಚಿಲಿ ಪೆಪ್ಪರ್ಸ್' ಇದನ್ನು ಜಗತ್ತಿನಾದ್ಯಂತ ಜನಪ್ರಿಯಗೊಳಿಸಿತು.

ಥರ್ಮಲ್ ತಂಡ ಈ ಎಳೆಗೆ ಜಾಝ್‌ನ ಸ್ವರಸಂಯೋಜನೆಯನ್ನೂ ಬ್ಲೂಸ್‌ನ ಭಾವವನ್ನೂ ಸೇರಿಸಿತು. ಹೀಗಾಗಿ ಅದನ್ನು ಒಂದೇ ಪ್ರಕಾರದ ಕಪಾಟಿನಲ್ಲಿ ಇರಿಸುವುದು ಕಷ್ಟವಾಯಿತು. ಅದೇ ಅದರ ಶಕ್ತಿಯೂ ಹೌದು, ಮಾರುಕಟ್ಟೆಯ ದೃಷ್ಟಿಯಿಂದ ತೊಡಕೂ ಹೌದು.

ಆಲ್ಬಂಗಳು

ತಂಡದ ಮೊದಲ ಆಲ್ಬಂ ಪ್ರಕಟವಾದದ್ದು 2000ದಲ್ಲಿ. ಮನೆಮನೆಗೆ ಅಂತರ್ಜಾಲ ಇನ್ನೂ ಬಾರದಿದ್ದ ಆ ದಿನಗಳಲ್ಲಿ ತಂಡದ ಅಂತರ್ಜಾಲ ವಿಳಾಸವೇ ಆಲ್ಬಂನ ಹೆಸರಾಗಿತ್ತು. 2002ರಲ್ಲಿ 'ಜುಪಿಟರ್ ಕೆಫೆ', 2005ರಲ್ಲಿ 'ಪ್ಲಾನ್ ಬಿ' ಹೊರಬಂದವು.

2012ರಲ್ಲಿ ಬಂದ 'ತ್ರೀ ವೀಲ್ಸ್ ನೈನ್ ಲೈವ್ಸ್' ಮೂರು ಸಿ.ಡಿ.ಗಳ, 28 ಹಾಡುಗಳ ಬೃಹತ್ ಸಂಕಲನ. ಹೆಸರಿನಲ್ಲಿರುವ ಮೂರು ಚಕ್ರಗಳು ಆಟೊರಿಕ್ಷಾದವು. 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್' ಎಂಬ ಹಾಡಿನ ಶೀರ್ಷಿಕೆಯ ಅರ್ಥವನ್ನು ಬೆಂಗಳೂರಿನ ರಾತ್ರಿ ಬೀದಿಯಲ್ಲಿ ಆಟೊಗಾಗಿ ಕಾದವರಿಗೆ ವಿವರಿಸಬೇಕಾಗಿಲ್ಲ. ಕೋವಿಡ್ ಸಾಂಕ್ರಾಮಿಕದ ವರ್ಷವಾದ 2020ರಲ್ಲಿ 'ಎ ವರ್ಲ್ಡ್ ಗಾನ್ ಮ್ಯಾಡ್' ಪ್ರಕಟವಾಯಿತು.

ಡೀಪ್ ಪರ್ಪಲ್ ಮತ್ತು ಜೆಥ್ರೊ ಟಲ್ ತಂಡಗಳ ಕಾರ್ಯಕ್ರಮಗಳಿಗೆ ಮುನ್ನ ವೇದಿಕೆಯೇರಿ ನುಡಿಸಿದ ಗೌರವವೂ ಇದಕ್ಕೆ ದೊರೆತಿದೆ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ಮತದಾನ ಮಾಡುವಂತೆ ಯುವಜನರನ್ನು ಒತ್ತಾಯಿಸಿದ 'ಶಟ್ ಅಪ್ ಅಂಡ್ ವೋಟ್' ಅಭಿಯಾನವನ್ನು ತಂಡ ಕೈಗೊಂಡಿತ್ತು. ತಂಡದ ಸದಸ್ಯರು ಬೆಂಗಳೂರಿನಲ್ಲಿ 'ಟಾಕಾಡೆಮಿ' ಎಂಬ ಸಂಗೀತ ಶಾಲೆಯನ್ನೂ ಆರಂಭಿಸಿದರು.

ಅಭಿಮಾನಿಗಳು ನೆನೆಯುವುದು ಏನನ್ನು?

ಈ ತಂಡದ ಅಭಿಮಾನಿಗಳು ಸೇರಿದಲ್ಲಿ ಮಾತು ಆಲ್ಬಂಗಳಿಗಿಂತ ಕಛೇರಿಗಳತ್ತಲೇ ಹೊರಳುತ್ತದೆ. ಅದಕ್ಕೆ ಕಾರಣವಿದೆ. ಸಿ.ಡಿ.ಯಲ್ಲಿ ನಾಲ್ಕೈದು ನಿಮಿಷಗಳಲ್ಲಿ ಮುಗಿಯುವ ಹಾಡು ವೇದಿಕೆಯ ಮೇಲೆ ಅದರ ಎರಡರಷ್ಟು ಬೆಳೆಯಬಹುದು. ನಡುವೆ ಗಿಟಾರ್ ಎಲ್ಲಿಗೆ ಹೋಗುತ್ತದೆ, ಬೇಸ್ ಮತ್ತು ಡ್ರಮ್ಸ್ ಅದನ್ನು ಹೇಗೆ ಹಿಂಬಾಲಿಸುತ್ತವೆ, ಎಲ್ಲರೂ ಯಾವ ಕ್ಷಣದಲ್ಲಿ ಸಮಕ್ಕೆ ಮರಳುತ್ತಾರೆ ಎಂಬುದು ಆ ಸಂಜೆಯಲ್ಲೇ ತೀರ್ಮಾನವಾಗುತ್ತದೆ. ಮರುದಿನ ಅದೇ ಹಾಡು ಬೇರೆ ದಾರಿ ಹಿಡಿಯುತ್ತದೆ. ಮನೋಧರ್ಮ ಸಂಗೀತದ ಕಛೇರಿಗೆ ಹೋಗುವವರು ಒಂದೇ ಕೃತಿಯನ್ನು ಮತ್ತೆ ಮತ್ತೆ ಕೇಳಲು ಹೋಗುವುದೂ ಇದೇ ಕಾರಣಕ್ಕೆ.

ಎರಡನೆಯದು, ಸಭಿಕರೊಂದಿಗಿನ ಸಲುಗೆ. ಸಣ್ಣ ವೇದಿಕೆಯಲ್ಲಿ ಹಾಡುಗಾರನಿಗೂ ಕೇಳುಗನಿಗೂ ನಡುವೆ ಕೆಲವೇ ಅಡಿಗಳ ಅಂತರ. ಹಾಡುಗಳ ಮಧ್ಯದ ಹರಟೆ, ನಗರದ ವಾಹನ ದಟ್ಟಣೆಯ ಬಗ್ಗೆ ಒಂದು ಚಟಾಕಿ, ಕೈಕೊಟ್ಟ ಧ್ವನಿವರ್ಧಕ ಸರಿಹೋಗುವವರೆಗೆ ಡ್ರಮ್ಸ್ ಒಂದೇ ಮುಂದುವರಿಯುವುದು, ಇವೆಲ್ಲ ಕಛೇರಿಯ ಭಾಗವೇ. ಧ್ವನಿಮುದ್ರಿಕೆಯಲ್ಲಿ ಇವುಗಳಿಗೆ ಸ್ಥಳವಿಲ್ಲ.

ಕೊನೆಯ ಬಸ್ಸು, ಕೊನೆಯ ರೈಲು

ಬೆಂಗಳೂರಿನ ಕಾಲೇಜುಗಳಿಗೆ ನಿತ್ಯ ಹೋಗಿ ಬರುತ್ತಿದ್ದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವಿದ್ಯಾರ್ಥಿಗಳಿಗೆ ಈ ಕಛೇರಿಗಳ ನೆನಪು ಇನ್ನೊಂದು ಬಗೆಯದು. ರಾಮನಗರ, ಚನ್ನಪಟ್ಟಣಗಳಿಗೆ ಬೆಂಗಳೂರು-ಮೈಸೂರು ರೈಲು ಮಾರ್ಗವಿದೆ. ಕನಕಪುರ, ಮಾಗಡಿಗಳಿಗೆ ರೈಲಿಲ್ಲ, ಬಸ್ಸೇ ಗತಿ. ಕಾರ್ಯಕ್ರಮ ಆರಂಭವಾಗುವುದೇ ಸಂಜೆ ಏಳರ ನಂತರ. ಹಲವು ತಂಡಗಳಿರುವ ದಿನ ಮುಖ್ಯ ತಂಡ ವೇದಿಕೆಗೆ ಬರುವಾಗ ಇನ್ನೂ ತಡ. ಊರಿಗೆ ಮರಳಬೇಕಾದವನು ಗಡಿಯಾರ ನೋಡುತ್ತಲೇ ಹಾಡು ಕೇಳಬೇಕು. ಹೀಗಾಗಿ ಈ ನಾಲ್ಕು ಊರುಗಳ ಕೇಳುಗರ ನೆನಪಿನಲ್ಲಿ ಕಛೇರಿಯ ಮೊದಲರ್ಧ ಸ್ಪಷ್ಟವಾಗಿದ್ದು, ಕೊನೆಯ ಹಾಡು ಸ್ನೇಹಿತರ ಬಾಯಿಂದ ಕೇಳಿದ ಕಥೆಯಾಗಿರುವುದೂ ಉಂಟು.

ಬೆಳಗಿನವರೆಗೆ ನಡೆಯುವ ಕಾರ್ಯಕ್ರಮಗಳಲ್ಲಿ ಮಾತ್ರ ಈ ಆತಂಕವಿರಲಿಲ್ಲ. ಕನಕಪುರ ರಸ್ತೆಯ ದಿಣ್ಣೆಪಾಳ್ಯದಲ್ಲಿರುವ ಫೈರ್‌ಫ್ಲೈಸ್ ಆಶ್ರಮದ ಆಲದ ಮರದ ಕೆಳಗೆ ನಡೆಯುತ್ತಿದ್ದ ಅಹೋರಾತ್ರಿ ಸಂಗೀತೋತ್ಸವ ಇದಕ್ಕೆ ಉತ್ತಮ ನಿದರ್ಶನ. ಜಾನಪದ, ಶಾಸ್ತ್ರೀಯ ಹಾಗೂ ರಾಕ್ ಕಲಾವಿದರು ಒಂದೇ ವೇದಿಕೆಗೆ ಬಂದ ಈ ಉತ್ಸವಕ್ಕೆ ಬಂದವರು ಮೊದಲ ಬಸ್ಸು ಹೊರಡುವವರೆಗೂ ಕುಳಿತು ಕೇಳಬಹುದಾಗಿತ್ತು. 1996ರಲ್ಲಿ ಆರಂಭಗೊಂಡು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುತ್ತ ಬಂದ 'ಫ್ರೀಡಂ ಜಾಮ್', ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳ 'ಸ್ಟ್ರಾಬೆರಿ ಫೀಲ್ಡ್ಸ್' ಉತ್ಸವಗಳೂ ಹೊಸ ತಂಡಗಳಿಗೆ ಕೇಳುಗರನ್ನು ಒದಗಿಸಿದವು.

ಮನ್ನಣೆ ಏಕೆ ಕಡಿಮೆಯಾಯಿತು?

ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಚಲನಚಿತ್ರ ಸಂಗೀತದ ಪ್ರಾಬಲ್ಯ. ಕರಗ, ಜಾತ್ರೆ, ಗಣೇಶೋತ್ಸವಗಳ ಆರ್ಕೆಸ್ಟ್ರಾದಿಂದ ಹಿಡಿದು ಆಕಾಶವಾಣಿ, ಎಫ್.ಎಂ. ವಾಹಿನಿಗಳವರೆಗೆ ಜನಪ್ರಿಯ ಸಂಗೀತವೆಂದರೆ ಸಿನಿಮಾ ಹಾಡು ಎಂಬ ಸ್ಥಿತಿ ಇತ್ತು. ಸಿನಿಮಾದ ನೆರವಿಲ್ಲದ, ಅದರಲ್ಲೂ ಇಂಗ್ಲಿಷಿನ ಹಾಡಿಗೆ ನಗರದ ಹೊರಗೆ ಪ್ರವೇಶವೇ ದೊರೆಯಲಿಲ್ಲ.

ಎರಡನೆಯದು, ರಾಕ್ ಕೇಳುಗರಲ್ಲೇ ಇದ್ದ ಅಭಿರುಚಿಯ ಭೇದ. ಅಂದಿನ ಬೆಂಗಳೂರಿನಲ್ಲಿ ಹೆವಿ ಮೆಟಲ್‌ಗೆ ದೊಡ್ಡ ಅನುಯಾಯಿ ವರ್ಗವಿತ್ತು. ಕಾಲೇಜು ಸ್ಪರ್ಧೆಗಳಲ್ಲಿ ಪ್ರಸಿದ್ಧ ವಿದೇಶಿ ಹಾಡುಗಳನ್ನು ಯಥಾವತ್ತಾಗಿ ನುಡಿಸುವವರಿಗೆ ಚಪ್ಪಾಳೆ ಸುಲಭವಾಗಿ ಸಿಗುತ್ತಿತ್ತು. ಸ್ವಂತ ಹಾಡು, ಅದೂ ಲಯದಲ್ಲಿ ಕ್ಲಿಷ್ಟವಾದ ಹಾಡು, ಕೇಳುಗನಿಂದ ತಾಳ್ಮೆಯನ್ನು ನಿರೀಕ್ಷಿಸುತ್ತದೆ.

ಮೂರನೆಯದು, ಪ್ರಚಾರದ ಕೊರತೆ. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಆರಂಭಿಸಿದ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆಯಂತಹ ಕೆಲವನ್ನು ಬಿಟ್ಟರೆ ದೇಶೀಯ ತಂಡಗಳ ಬಗ್ಗೆ ಗಂಭೀರವಾಗಿ ಬರೆಯುವ ಪತ್ರಿಕೆಗಳು ವಿರಳವಾಗಿದ್ದವು. ಕನ್ನಡ ಪತ್ರಿಕೆಗಳೂ ಇದನ್ನು ನಗರದ ಒಂದು ವರ್ಗದ ಮನರಂಜನೆ ಎಂದೇ ಬಗೆದವು ಎಂಬುದನ್ನು ಒಪ್ಪಿಕೊಳ್ಳಬೇಕು.

ಕಣ್ಮರೆಯಾದ ವೇದಿಕೆಗಳು

ಕಛೇರಿಯೇ ಜೀವಾಳವಾಗಿರುವ ತಂಡಕ್ಕೆ ವೇದಿಕೆಯೇ ಇಲ್ಲವಾದರೆ ನಷ್ಟ ದೊಡ್ಡದು. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಜಾರಿಗೆ ಬಂದ ಮೇಲೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಕೆಗೆ ನಿರ್ಬಂಧವಿದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಿವಾಸಿಗಳ ನಿದ್ರೆಯ ಹಕ್ಕನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಒಳಾಂಗಣ ವೇದಿಕೆಗಳ ಕಥೆ ಬೇರೆ. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಸಂಬಂಧಿಸಿದ 2005ರ ಬೆಂಗಳೂರು ನಗರ ಆದೇಶ 'ಲೈವ್ ಬ್ಯಾಂಡ್'ಗಳಿಗೆ ಪೊಲೀಸ್ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಈ ಆದೇಶವನ್ನು ಎತ್ತಿಹಿಡಿಯಿತು. ಆ ಬಳಿಕ ಅದೇ ವರ್ಷ ಪರವಾನಗಿ ಇಲ್ಲದ ಹಲವು ಕಡೆ ಸಂಗೀತ ಕಾರ್ಯಕ್ರಮಗಳು ಸ್ಥಗಿತಗೊಂಡವು. ಇಂದಿರಾನಗರದಲ್ಲಿ 2013ರಿಂದ ಸ್ವತಂತ್ರ ತಂಡಗಳಿಗೆ ನೆಲೆಯಾಗಿದ್ದ 'ದ ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಮುಚ್ಚಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಉಳಿದ ವೇದಿಕೆಗಳೂ ಮೌನವಾದವು.

ಸ್ಥಳ ಇಲ್ಲವಾದಾಗ ಅಲ್ಲಿ ಗೋಡೆಗೆ ಅಂಟಿಸಿದ್ದ ಭಿತ್ತಿಪತ್ರ, ಕಾರ್ಯಕ್ರಮಗಳ ಪಟ್ಟಿ, ಧ್ವನಿ ನಿಯಂತ್ರಕರ ಬಳಿಯಿದ್ದ ಮುದ್ರಣಗಳೂ ಚದುರಿಹೋಗುತ್ತವೆ. ಉಳಿಯುವುದು ಅಲ್ಲಿದ್ದವರ ನೆನಪು ಮಾತ್ರ.

ಜಾನಪದ ಲೋಕದ ಮಾದರಿ

ಇಂತಹ ನೆನಪನ್ನು ದಾಖಲೆಯಾಗಿಸಿದ ಮಾದರಿಯೊಂದು ರಾಮನಗರದಲ್ಲೇ ಇದೆ. ಎಚ್.ಎಲ್. ನಾಗೇಗೌಡರು (1915-2005) ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು, ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದಲ್ಲಿ 1994ರಲ್ಲಿ ಜಾನಪದ ಲೋಕವನ್ನು ಲೋಕಾರ್ಪಣೆ ಮಾಡಿತು. ವಾದ್ಯ, ವೇಷಭೂಷಣ, ಕೃಷಿ ಉಪಕರಣಗಳ ಜತೆಗೆ ಹಾಡುಗಾರರ ದನಿಯನ್ನೂ ಕುಣಿತಗಳನ್ನೂ ಧ್ವನಿ, ದೃಶ್ಯ ರೂಪದಲ್ಲಿ ಅಲ್ಲಿ ಸಂಗ್ರಹಿಸಲಾಗಿದೆ. ಪೂಜಾ ಕುಣಿತವಾಗಲಿ, ತಮಟೆಯಾಗಲಿ, ಪ್ರದರ್ಶನದ ಹೊರಗೆ ಅಸ್ತಿತ್ವವಿಲ್ಲದ ಕಲೆಗಳು. ಯಾರೋ ಕುಳಿತು ದಾಖಲಿಸಿದ್ದರಿಂದಲೇ ಅವುಗಳ ಒಂದು ಭಾಗ ಮುಂದಿನವರಿಗೆ ದಕ್ಕಿತು.

ನಗರದ ರಾಕ್ ಕಛೇರಿಯೂ ಇದೇ ಜಾತಿಯದು. ಅದಕ್ಕೆ ಇನ್ನೂ ಒಬ್ಬ ನಾಗೇಗೌಡರು ದೊರೆತಿಲ್ಲ. ಆದರೆ ಕೆಲಸವನ್ನು ಅಭಿಮಾನಿಗಳೇ ಆರಂಭಿಸಬಹುದು. ಹಳೆಯ ಟಿಕೆಟ್, ಕರಪತ್ರಗಳನ್ನು ಸ್ಕ್ಯಾನ್ ಮಾಡಿಡುವುದು, ಅಂದಿನ ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡ್, ಸಿ.ಡಿ.ಗಳಲ್ಲಿರುವ ತುಣುಕುಗಳನ್ನು ಹಾಳಾಗುವ ಮೊದಲೇ ನಕಲು ಮಾಡುವುದು, ಪ್ರತಿಯೊಂದಕ್ಕೂ ದಿನಾಂಕ, ಸ್ಥಳ ಹಾಗೂ ನುಡಿಸಿದವರ ಹೆಸರು ಬರೆದಿಡುವುದು ಕಷ್ಟವೇನಲ್ಲ. ಮನೆಯಲ್ಲಿ ಸುಟ್ಟ ಸಿ.ಡಿ.ಗಳಿಗೆ ಶಾಶ್ವತ ಆಯುಷ್ಯವಿಲ್ಲ ಎಂಬುದನ್ನು ಗಮನದಲ್ಲಿಡಬೇಕು. ಸಂಗ್ರಹವನ್ನು ಇತರರೊಡನೆ ಹಂಚಿಕೊಳ್ಳುವ ಮೊದಲು ತಂಡದ ಒಪ್ಪಿಗೆ ಪಡೆಯುವುದು ಉಚಿತ.

1996ರಲ್ಲಿ ಕಾಲೇಜಿನಲ್ಲಿದ್ದ ಕೇಳುಗರಿಗೆ ಈಗ ಐವತ್ತರ ಆಸುಪಾಸು. ಯಾವ ಸಂಜೆ ಯಾವ ಹಾಡು ಎಲ್ಲಿಗೆ ಹೊರಳಿತು ಎಂಬುದನ್ನು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ಕೇಳಿ ಬರೆದುಕೊಳ್ಳಲು ಇದು ಸಕಾಲ.