ಹಿಂದೆ ತೂಕ ಎಲ್ಲಿ ಗೌಡ್ರೇ?

ತುಂಬಾ ದಿನವಾಯ್ತು ಇಲ್ಲಿ ಬರೆದು. ಬಂಗಾರಪೇಟೆ ಹತ್ತಿರದ ಊರಿಗೆ ಹೋಗಿದ್ದೆ, ಅದಕ್ಕೇ ಈ ಬರಹ :)

ಅಲ್ಲಿ ನಮ್ಮ ಸೋದರಮಾವನ ಬಳಿ ಒಂದು ಪುಟ್ಟ ಟ್ರಾಕ್ಟರ್ ಇದೆ. ಟ್ರಾಕ್ಟರಿಗೆ ಎತ್ತುವ ಶಕ್ತಿ ಇರುವುದು ಬೆನ್ನಿನಲ್ಲಿ. ಹ್ಯಾರಿ ಫರ್ಗ್ಯುಸನ್ ತನ್ನ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟನ್ನು 1936ರಲ್ಲಿ ಟ್ರಾಕ್ಟರಿನ ಜೊತೆಗೇ ಮಾರಾಟಕ್ಕೆ ತಂದ. ಇವತ್ತಿಗೂ ನೇಗಿಲು, ರೋಟವೇಟರ್ ಎಲ್ಲ ತಗಲಿಕೊಳ್ಳುವುದು ಅಂಥ ಕೊಂಡಿಗೇ. ಆದರೆ ತಿಪ್ಪೆಗೊಬ್ಬರ ತುಂಬೋಕೆ ಮುಂದೆ ಬಕೆಟ್ ಬೇಕಲ್ಲ? ಮಾವ ಕಬ್ಬಿಣದ ಚಾನಲ್ಲು, ಎರಡು ಹಳೇ ಸಿಲಿಂಡರ್ ತಂದು ಮನೆ ಹತ್ತಿರವೇ ವೆಲ್ಡಿಂಗ್ ಮಾಡಿಸಿದರು. ಮೊದಲ ಸಲ ತುಂಬಿದ ಬಕೆಟ್ ಎತ್ತಿದಾಗ ಹಿಂದಿನ ಚಕ್ರ ನೆಲ ಬಿಟ್ಟವು. ಸೀಟಿನ ಮೇಲೆ ಇದ್ದವನು ನಾನೇ. ಬ್ರೇಕ್ ಇರುವುದೂ ಹಿಂದಿನ ಚಕ್ರಕ್ಕೇ ಅನ್ನೋದು ಆಮೇಲೆ ಹೊಳೆದು ಬೆವರಿದೆ.

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಹಳೇ ಫಿಟ್ಟರ್ ಒಬ್ಬರಿದ್ದಾರೆ. ಗಾಡಿ ನೋಡಿದವರೇ ತಮಿಳು ಬೆರೆತ ಕನ್ನಡದಲ್ಲಿ ಕೇಳಿದ್ದು ಒಂದೇ ಮಾತು: "ಹಿಂದೆ ತೂಕ ಎಲ್ಲಿ ಗೌಡ್ರೇ?"

ಆ ಪ್ರಶ್ನೆಯ ಹಿಂದೆ ಒಂದು ಶತಮಾನದ ಅನುಭವ ಇದೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಾಗಿನಿಂದ ಕೋಲಾರದ ಚಿನ್ನದ ಕಥೆಯೆಲ್ಲ ಎತ್ತುವ ಕಥೆಯೇ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ಗಣಿಯ ತೂಕದ ಲೆಕ್ಕ. ಒಂದು ಕೇಜ್ ಇಳಿಯುವಾಗ ಇನ್ನೊಂದು ಏರುತ್ತದೆ, ಎರಡೂ ಕೇಜಿನ ತೂಕ ಪರಸ್ಪರ ವಜಾ. ಆದರೆ ಹಗ್ಗ? ಉಕ್ಕಿನ ಹಗ್ಗಕ್ಕೆ ಮೀಟರಿಗೆ ಆರು ಕೆಜಿ ಹಿಡಿದರೂ ಎರಡು ಕಿಲೋಮೀಟರಿಗೆ 12 ಟನ್! ಹೊರಡುವಾಗ ಆ ತೂಕವೆಲ್ಲ ಏರುವ ಕಡೆ, ಕೊನೆಗೆ ಇಳಿಯುವ ಕಡೆ. ಅದಕ್ಕೇ ಆಳದ ಗಣಿಗಳಲ್ಲಿ ಶಂಕುವಿನಂಥ ಡ್ರಮ್ ಬಳಸುತ್ತಿದ್ದರು: ಭಾರ ಜಾಸ್ತಿ ಇರುವಾಗ ಹಗ್ಗ ಸಣ್ಣ ಸುತ್ತಿಗೆ, ಕಮ್ಮಿಯಾದಂತೆ ದೊಡ್ಡ ಸುತ್ತಿಗೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ. ಎಂಜಿನಿಯರಿಂಗ್ ಓದುವಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ, ಊರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇದ್ದರೂ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನನಗಾಗ ನಾಲ್ಕು ವರ್ಷ. ಕೆಲಸ ಹೋದವರಲ್ಲಿ ಈ ತಾತನೂ ಒಬ್ಬರು. ಕಲಿಯುವ ಹುಡುಗ ಒಬ್ಬನೂ ಇಲ್ಲ ಅವರ ಹತ್ತಿರ. ಮಗನೇ ದಿನಾ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ.

ಸೀಮೆಸುಣ್ಣದಲ್ಲಿ ನೆಲದ ಮೇಲೇ ಲೆಕ್ಕ ಹಾಕಿದರು. ಮುಂದಿನ ಆಕ್ಸಲ್ಲಿನಿಂದ ಒಂದೂವರೆ ಮೀಟರ್ ಮುಂದೆ 200 ಕೆಜಿ ಗೊಬ್ಬರ ಇದ್ದರೆ, ಎರಡು ಮೀಟರ್ ಹಿಂದೆ 150 ಕೆಜಿ ಅದಕ್ಕೆ ಸಮ. ಬರೀ ಸಮ ಆದರೆ ಸಾಲದು, ಇನ್ನೂ ಹಾಕಿ ಅಂದರು. ಆದರೆ ಎರಡು ಕಡೆಯ ಭಾರವೂ ಕೂತುಕೊಳ್ಳುವುದು ಮುಂದಿನ ಆಕ್ಸಲ್ ಮೇಲೇ, ಹಾಗಾಗಿ ಬಕೆಟ್ಟನ್ನೂ ಅರ್ಧ ಕೊಯ್ದು ಚಿಕ್ಕದು ಮಾಡಿಸಿದರು. ಮಾವನಿಗೆ ಅದೇ ಬೇಜಾರು.

ಈಗ ಫರ್ಗ್ಯುಸನ್ ಕೊಂಡಿಯಲ್ಲಿ ಕಾಂಕ್ರೀಟು ತುಂಬಿದ ಡ್ರಮ್ ನೇತಾಡುತ್ತಿದೆ. ಫೋಟೋ ತೆಗೆಯೋದು ಮರೆತೆ, ಮುಂದಿನ ಸಲ ಹೋದಾಗ ಹಾಕುತ್ತೇನೆ.