ಹೃದಯದ ಪಂಪ್ ಅಳವಡಿಸಿದ ಬಳಿಕ ಸೋಡಿಯಂ ಇಳಿದರೆ

ಹೃದಯ ವೈಫಲ್ಯದ ರೋಗಿಯ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿದೆ ಎಂದು ತಿಳಿದ ಕೂಡಲೇ ಮನೆಯವರು ಗಂಜಿಗೆ ಉಪ್ಪು ಹೆಚ್ಚು ಹಾಕಲು ಮುಂದಾಗುವುದನ್ನು ನಾವು ಕಾಣುತ್ತೇವೆ. ಆದರೆ ಇಂತಹ ಹೆಚ್ಚಿನ ರೋಗಿಗಳಲ್ಲಿ ಕೊರತೆಯಾಗಿರುವುದು ಉಪ್ಪಲ್ಲ, ಮಿತಿಮೀರಿರುವುದು ನೀರು.

ಒಂದು ಲೀಟರ್ ರಕ್ತದ್ರವದಲ್ಲಿ ಸೋಡಿಯಂ ಸಾಮಾನ್ಯವಾಗಿ 135ರಿಂದ 145 ಮಿಲಿಮೋಲ್ ಇರುತ್ತದೆ. ಹೃದಯ ಸೋತು ರಕ್ತದ ಹರಿವು ಕುಗ್ಗಿದಾಗ, ನೀರು ಸಾಲದೆಂದು ಭಾವಿಸಿದಂತೆ ದೇಹವು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುತ್ತವೆ. ಸಾರಿಗೆ ನೀರು ಬೆರೆಸಿದಂತೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಇದರ ಮೇಲೆ ಉಪ್ಪು ತಿನ್ನಿಸಿದರೆ ಬಾಯಾರಿಕೆ, ಕಾಲಿನ ಊತ, ಉಬ್ಬಸ ಹೆಚ್ಚುತ್ತವೆ.

ಹೃದಯದ ಎಡಭಾಗಕ್ಕೆ ನೆರವಾಗುವ ಎಲ್‌ವಿಎಡಿ ಪಂಪನ್ನು ಅಳವಡಿಸಿದಾಗ ರಕ್ತದ ಹರಿವು ಸುಧಾರಿಸಿ, ಸೋಡಿಯಂ ಕೂಡ ಕ್ರಮೇಣ ಏರುವುದುಂಟು. (ಹಾರ್ಟ್‌ಮೇಟ್ 3 ಎಂಬ ಪಂಪಿಗೆ ಅಮೆರಿಕದಲ್ಲಿ 2017ರಲ್ಲಿ ಮಾನ್ಯತೆ ದೊರೆಯಿತು.) ಏರದಿದ್ದರೆ ವೈದ್ಯರು ಹೃದಯದ ಬಲಭಾಗದ ದುರ್ಬಲತೆ, ಮೂತ್ರ ಹೆಚ್ಚಿಸುವ ಮಾತ್ರೆಗಳು, ಡ್ರಿಪ್‌ನಲ್ಲಿ ಹೋಗುತ್ತಿರುವ ದ್ರವ ಇವನ್ನೆಲ್ಲ ಪರಿಶೀಲಿಸುತ್ತಾರೆ.

ಬಹುಕಾಲ ಇಳಿದಿದ್ದ ಸೋಡಿಯಂ ಬೇಗನೆ ಏರುವುದೂ ಅಪಾಯವೇ. ಮಿದುಳಿನ ನರಗಳ ಹೊದಿಕೆಗೆ ಶಾಶ್ವತ ಹಾನಿಯಾಗಬಹುದು. ಆದ್ದರಿಂದ ಅಪಾಯ ಹೆಚ್ಚಿರುವವರಲ್ಲಿ 24 ಗಂಟೆಗಳಲ್ಲಿ 8 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಲಾಗುತ್ತದೆ. ಟಾಲ್ವಾಪ್ಟಾನ್ ಮಾತ್ರೆಯನ್ನು ಆಸ್ಪತ್ರೆಯಲ್ಲಿಯೇ ಆರಂಭಿಸುವುದು ಇದೇ ಕಾರಣಕ್ಕೆ. ಅದು ಸೋಡಿಯಂ ಏರಿಸುತ್ತದೆ ನಿಜ, ಆದರೆ ಹೃದಯ ವೈಫಲ್ಯದವರ ಆಯುಷ್ಯವನ್ನು ಹೆಚ್ಚಿಸಲಿಲ್ಲವೆಂದು 2007ರಲ್ಲಿ ಪ್ರಕಟವಾದ ಎವರೆಸ್ಟ್ ಅಧ್ಯಯನ ತೋರಿಸಿತು.

ಮನೆಯಲ್ಲಿ ಮುಖ್ಯವಾದುದು ನೀರಿನ ಲೆಕ್ಕ. ವೈದ್ಯರು ದಿನಕ್ಕೆ ಒಂದೂವರೆ ಲೀಟರ್ ಎಂದಿದ್ದರೆ ಗಂಜಿಯ ತಿಳಿ, ಚಹಾ, ಸಾರು, ಮಜ್ಜಿಗೆ ಎಲ್ಲವೂ ಅದರಲ್ಲಿ ಸೇರಬೇಕು. ನಮ್ಮ ಕರಾವಳಿಯಲ್ಲಿ ಗಂಜಿಯನ್ನು ಊಟವೆಂದೇ ಎಣಿಸುವುದರಿಂದ ಅದರ ನೀರು ಲೆಕ್ಕ ತಪ್ಪುತ್ತದೆ. ಜೊತೆಗಿನ ಉಪ್ಪಿನಕಾಯಿ, ಒಣಮೀನುಗಳೂ ಬೇಡ. ಹಾಗೆಂದು ನೀರನ್ನು ತೀರಾ ನಿಲ್ಲಿಸಬಾರದು. ಭೇದಿ, ವಾಂತಿಯಿಂದ ದೇಹ ಒಣಗಿದರೆ ಪಂಪಿಗೆ ರಕ್ತ ಸಾಲದೆ ಅದು ಹೃದಯದ ಗೋಡೆಯನ್ನೇ ಎಳೆದುಕೊಳ್ಳಬಹುದು.

ರೋಗಿಯನ್ನು ನೋಡಲು ಹೋಗುವ ವಾರ್ಡಿನ ಗುರಿಕಾರರಿಗೂ ನೆರೆಯವರಿಗೂ ಒಂದು ವಿನಂತಿ: ಮನೆಯವರನ್ನು ಕೇಳದೆ ಎಳನೀರು ಕೊಡಬೇಡಿ. ಅದರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಶಿಯಂ ಹೆಚ್ಚು. ಸ್ಪೈರೊನೊಲ್ಯಾಕ್ಟೋನ್ ಸೇವಿಸುವವರಿಗೆ ಇದು ಅಪಾಯಕಾರಿ. ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪಿನ ಕಥೆಯೂ ಇದೇ.

ಗೊಂದಲದ ಮಾತು, ತೀವ್ರ ಮಂಪರು, ಫಿಟ್ಸ್ ಕಂಡರೆ ಸೋಡಿಯಂ ಇಳಿದಿರಬಹುದು, ಪಾರ್ಶ್ವವಾಯುವೂ ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಪಂಪ್ ಅಳವಡಿಸಿದ ವೈದ್ಯರಿಗೂ ತಿಳಿಸಿರಿ. ಈ ರೋಗಿಗಳಲ್ಲಿ ಅನೇಕರಿಗೆ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ, ಅದಕ್ಕಾಗಿ ಗಾಬರಿ ಬೇಡ. ಹೊರಡುವಾಗ ಹೆಚ್ಚುವರಿ ಬ್ಯಾಟರಿ ಮತ್ತು ಕಂಟ್ರೋಲರ್ ಜೊತೆಗಿರಲಿ.