ರಾಕಿಯ ಕತ್ತಿ, ಗಣಿಯ ಧೂಳು

ಕೋಲಾರ ಜಿಲ್ಲೆಯವರು ಹೊರಗೆಲ್ಲಾದರೂ ಊರಿನ ಹೆಸರು ಹೇಳಿದರೆ, ಎದುರಿನವರ ಬಾಯಿಂದ ಈಗ ಮೊದಲು ಬರುವ ಮಾತು ‘ಕೆಜಿಎಫ್’. ಅದು ಗಣಿಯಲ್ಲ, ಸಿನಿಮಾ. ಮಾಲೂರಿನ ಹೆಂಚು, ಶ್ರೀನಿವಾಸಪುರದ ಮಾವು, ಮುಳಬಾಗಿಲಿನ ಹೈದರ್ ವಲಿ ದರ್ಗಾ, ಕೋಲಾರ ಪಟ್ಟಣದಲ್ಲಿರುವ ಹೈದರಾಲಿಯ ತಂದೆಯ ಮಕ್ಬರ, ಇವೆಲ್ಲ ಆ ಮೂರು ಅಕ್ಷರಗಳ ಹಿಂದೆ ಮರೆಯಾಗಿವೆ. ಅಷ್ಟೇ ಅಲ್ಲ, ನಿಜವಾದ ಚಿನ್ನದ ಗಣಿಯೂ ಮರೆಯಾಗಿದೆ.

ಪ್ರಶಾಂತ್ ನೀಲ್ ನಿರ್ದೇಶಿಸಿದ ಈ ಚಿತ್ರದ ಮೊದಲ ಭಾಗ 2018ರ ಡಿಸೆಂಬರಿನಲ್ಲಿ, ಎರಡನೆಯದು 2022ರ ಏಪ್ರಿಲಿನಲ್ಲಿ ತೆರೆ ಕಂಡಿತು. ಮೊದಲ ಭಾಗಕ್ಕೆ ಸಾಹಸ ಮತ್ತು ವಿಶೇಷ ಪರಿಣಾಮಗಳ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿಗಳು ಬಂದವು. ಕನ್ನಡ ಚಿತ್ರವೊಂದು ದೇಶದುದ್ದಕ್ಕೂ ಓಡಿದ್ದಕ್ಕೆ ಹೆಮ್ಮೆಪಡುವುದು ಸಹಜ. ಆದರೆ ಒಂದು ಊರಿನ ಹೆಸರನ್ನೇ ಶೀರ್ಷಿಕೆ ಮಾಡಿಕೊಂಡ ಕತೆ ಆ ಊರಿನ ಚರಿತ್ರೆಯೊಡನೆ ಹೇಗೆ ನಡೆದುಕೊಂಡಿದೆ ಎಂದು ಕೇಳಬೇಕಾಗುತ್ತದೆ.

ಮೊದಲ ಭಾಗದ ಕೊನೆಯ ದೃಶ್ಯವನ್ನೇ ತೆಗೆದುಕೊಳ್ಳೋಣ. ನರಾಚಿ ಎಂಬ ಕಾಲ್ಪನಿಕ ಗಣಿಯಲ್ಲಿ ಸಾವಿರಾರು ಜನ ಗುಲಾಮರು. ದೇವಿಯ ಮುಂದೆ ಗುಲಾಮರನ್ನು ಬಲಿ ಕೊಡಲು ಒಡೆಯ ಗರುಡ ಕತ್ತಿ ಹಿಡಿದು ನಿಂತಿದ್ದಾನೆ. ಬಲಿಯಾಗಬೇಕಿದ್ದವನೊಬ್ಬನ ಜಾಗದಲ್ಲಿ ರಾಕಿ ಇದ್ದಾನೆ. ಗರುಡನ ತಲೆ ಉರುಳುತ್ತದೆ. ಭಯಾನಕ ಚಿತ್ರಗಳ ಕತ್ತಲೆ, ರಕ್ತ, ಮೌನ ಎಲ್ಲವೂ ಇಲ್ಲಿ ಕೂಡಿಕೊಂಡಿವೆ. ದೃಶ್ಯ ಪರಿಣಾಮಕಾರಿಯಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತ ನಿಂತ ಆ ಜನರನ್ನು ನೋಡಿ. ಅವರು ಹೆದರುತ್ತಾರೆ, ಅಳುತ್ತಾರೆ, ಕಾಯುತ್ತಾರೆ, ಕೊನೆಗೆ ಜೈಕಾರ ಹಾಕುತ್ತಾರೆ. ತಮಗಾಗಿ ತಾವು ಏನನ್ನೂ ಮಾಡುವುದಿಲ್ಲ. ಹಿಂಸೆಗೆ ಒಂದು ಮುಖವಿದೆ, ಬಿಡುಗಡೆಗೂ ಒಂದು ಮುಖವಿದೆ. ಮುಖವಿಲ್ಲದವರು ದುಡಿಯುವವರು ಮಾತ್ರ.

ನಿಜವಾದ ಗಣಿಯ ಕತೆ ಬೇರೆ. ಚಿತ್ರದ ಪ್ರಕಾರ ನರಾಚಿಯಲ್ಲಿ ಚಿನ್ನ ಸಿಕ್ಕಿದ್ದು 1951ರಲ್ಲಿ. ಆ ಹೊತ್ತಿಗೆ ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಬೇರೂರಿ ಎಪ್ಪತ್ತು ವರ್ಷವಾಗಿತ್ತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಅಲ್ಲಿ ಇಳಿದು ದುಡಿದವರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತರು. ಹಳ್ಳಿಯ ಜಮೀನ್ದಾರರ ಹಿಡಿತ ಮತ್ತು ಬರಗಾಲದಿಂದ ತಪ್ಪಿಸಿಕೊಂಡು ಕೂಲಿ ಹುಡುಕಿ ಬಂದವರು. ಅವರು ಸಂಕಷ್ಟದಲ್ಲಿದ್ದರು ನಿಜ, ಆದರೆ ಬಾಯಿಲ್ಲದವರಾಗಿರಲಿಲ್ಲ. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮೇಲೆ ಕುಳಿತರು. ನಮ್ಮನ್ನು ಕಳ್ಳರೆಂದು ಎಣಿಸಬೇಡಿ ಎಂಬುದು ಅದರ ಹಿಂದಿದ್ದ ಸ್ವಾಭಿಮಾನ. ಯಾವ ರಾಕಿಯೂ ಹೊರಗಿನಿಂದ ಬಂದಿರಲಿಲ್ಲ.

ಎರಡನೆಯ ಭಾಗದಲ್ಲಿ ಇನ್ನೊಂದು ಹೆಸರಾದ ದೃಶ್ಯವಿದೆ. ‘ದೊಡ್ಡಮ್ಮ’ ಎಂದು ಕರೆಯುವ ಭಾರೀ ಮೆಷಿನ್ ಗನ್ನಿನಿಂದ ರಾಕಿ ಪೊಲೀಸ್ ಠಾಣೆಯೊಂದನ್ನು ಚಿಂದಿ ಮಾಡುತ್ತಾನೆ. ಕೆಂಪಗೆ ಕಾದ ಅದರ ನಳಿಗೆಯಿಂದ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಚರಿತ್ರೆಯಲ್ಲಿ ಬಂದೂಕು ತಿರುಗಿದ್ದು ಇದಕ್ಕೆ ಎದುರು ದಿಕ್ಕಿಗೆ. 1946ರ ನವೆಂಬರ್ 4ರಂದು ಹಕ್ಕಿಗಾಗಿ ಹೋರಾಡುತ್ತಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಆರು ಮಂದಿ ಸತ್ತರು. ಕೆಜಿಎಫ್ ಹೆಸರಿನ ಚಿತ್ರದಲ್ಲಿ ಸಾವಿರಾರು ಗುಂಡುಗಳು ಹಾರುತ್ತವೆ, ಆ ಆರು ಮಂದಿಗೆ ತಗುಲಿದ ಗುಂಡುಗಳ ಸದ್ದು ಮಾತ್ರ ಕೇಳಿಸುವುದಿಲ್ಲ.

ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಕಲ್ಲು ಮತ್ತು ಧೂಳು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಅದಿರು ತೆಗೆದಂತೆಲ್ಲ ಉಳಿದ ಬಂಡೆಯ ಮೇಲೆ ಒತ್ತಡ ಏರಿ, ಅದು ಬಾಂಬಿನಂತೆ ಸಿಡಿಯುತ್ತಿತ್ತು. ಮೇಲಿನ ಲೈನುಗಳಲ್ಲಿ ಮನೆಯ ಪಾತ್ರೆ ಅಲುಗಾಡಿದರೆ ಹೆಂಗಸರು ಕೆಳಗಿರುವವರನ್ನು ನೆನೆದು ನಡುಗುತ್ತಿದ್ದರು. ಕಲ್ಲು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತಿತ್ತು. ಹತ್ತಾರು ವರ್ಷ ಎಳೆಯುವ ಇಂಥ ಸಾವಿಗೆ ತಲೆ ಕಡಿಯಬಹುದಾದ ಒಬ್ಬ ಗರುಡ ಎಲ್ಲಿಂದ ಬರಬೇಕು? ಕಂಪನಿಯ ಲೆಕ್ಕಪುಸ್ತಕ, ಸರಕಾರದ ಸುಂಕ, ಲಂಡನ್ನಿನ ಷೇರುದಾರರು, ಇವರನ್ನೆಲ್ಲ ಕತ್ತಿಯಿಂದ ಮುಗಿಸಲಾಗದು. ಹಾಗಾಗಿಯೇ ಸಾಹಸ ಚಿತ್ರಕ್ಕೆ ಈ ಹಿಂಸೆ ಬೇಕಾಗುವುದಿಲ್ಲ.

ಚಿತ್ರದ ಖಳರಲ್ಲಿ ದುಬೈನಲ್ಲಿ ಕುಳಿತ ಚಿನ್ನದ ದಂಧೆಯ ಇನಾಯತ್ ಖಲೀಲ್ ಇದ್ದಾನೆ. ಇದು ಹಿಂದಿ ಸಿನಿಮಾ ದಶಕಗಳ ಕಾಲ ಬಳಸಿ ಸವೆಸಿದ ಅಚ್ಚು. ಮುಸ್ಲಿಂ ಪ್ರೇಕ್ಷಕನಿಗೆ ಅದು ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಆದರೆ ನಮ್ಮ ದೂರು ಅಲ್ಲಿಗೇ ನಿಂತರೆ ಅದು ಅರ್ಧ ದೂರು. ಖಲೀಲನಿಗೆ ಕೆಟ್ಟದ್ದಾದರೂ ಒಂದು ಹೆಸರು, ಒಂದು ಧರ್ಮ, ಒಂದು ಮಾತು ಸಿಕ್ಕಿದೆ. ಗಣಿಯ ದಲಿತನಿಗೆ ಜಾತಿಯೂ ಇಲ್ಲ, ಭಾಷೆಯೂ ಇಲ್ಲ, ಸಂಘವೂ ಇಲ್ಲ. ತಪ್ಪಾಗಿ ತೋರಿಸುವುದು ಒಂದು ಅನ್ಯಾಯವಾದರೆ, ತೋರಿಸದೆಯೇ ಅಳಿಸಿಬಿಡುವುದು ಇನ್ನೊಂದು. ಎರಡೂ ಒಂದೇ ಕಾರ್ಖಾನೆಯ ಸರಕು.

ಇದು ಕಲ್ಪಿತ ಕತೆ ಎಂದು ಚಿತ್ರದವರು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ನರಾಚಿಯ ಸೆಟ್ ಹಾಕಿದ್ದು ಕೆಜಿಎಫ್‌ನ ಸೈನೈಡ್ ದಿಬ್ಬದ ಮೇಲೆ. ನೂರಿಪ್ಪತ್ತು ವರ್ಷ ಕಾರ್ಮಿಕರು ಮೇಲೆ ತಂದ ಅದಿರನ್ನು ಅರೆದು, ಚಿನ್ನ ತೆಗೆದು, ಉಳಿದದ್ದನ್ನು ಸುರಿದು ಆದ ಬೆಟ್ಟ ಅದು. ಪರದೆಯ ಮೇಲೆ ಭಯಾನಕವಾಗಿ ಕಾಣುವ ಆ ಬೂದು ನೆಲವೇ ಅವರ ದುಡಿಮೆಯ ದಾಖಲೆ. ಗಾಳಿಗಾಲದಲ್ಲಿ ಆ ಧೂಳು ಇಂದೂ ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ.

2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಅಲ್ಲಿನ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. 2024ರಲ್ಲಿ ಅದೇ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಈ ಸಲ ಸಿಗುವ ಲಾಭದಲ್ಲಿ ಗಣಿಯ ಮಕ್ಕಳ ಪಾಲೆಷ್ಟು ಎಂದು ಕೇಳಲು ಅವರಿಗೆ ತಮ್ಮ ಚರಿತ್ರೆಯ ಆಧಾರ ಬೇಕು. ಅಜ್ಜಂದಿರು ಗುಲಾಮರಾಗಿದ್ದರು, ಒಬ್ಬ ವೀರ ಬಂದು ಬಿಡಿಸಿದ ಎಂದು ಸಿನಿಮಾ ಹೇಳುತ್ತದೆ. ಅಜ್ಜಂದಿರೇ ಕೆಲಸ ನಿಲ್ಲಿಸಿದ್ದರು, ಸಂಘ ಕಟ್ಟಿದ್ದರು, ಗುಂಡಿಗೆ ಎದೆ ಕೊಟ್ಟಿದ್ದರು ಎಂದು ಚರಿತ್ರೆ ಹೇಳುತ್ತದೆ. ಹಕ್ಕು ಕೇಳುವವನಿಗೆ ಇವೆರಡರಲ್ಲಿ ಯಾವ ಕತೆ ಉಪಯೋಗಕ್ಕೆ ಬರುತ್ತದೆ ಎಂಬುದು ಸ್ಪಷ್ಟ.